ಲೈನ್ ಬ್ಲಾಕ್

ಗಾಡಿ ಬಡದು ಮುರದಿದ್ರ ಒಂದು ಮಾತು.
ಗಾಡಿ ಬರಬಾರದ ಹೊತ್ತಿನ್ಯಾಗ,
ಹೆಬಸೂರು ಅಣ್ಣಿಗೇರಿ ನಡುವ
ಎರಡು ತಾಸು ಬ್ಲಾಕ್ ತಗೊಂಡು
ಕೆಂಪು ಝಂಡೆ ನೆಟ್ಟು ಹಳಿ ಎತ್ತುವಾಗ
ಹಾರಿ ಜಾರಿ
ಹಳಿಯ ತುದಿ ಬಂದು ತೊಡೀಮ್ಯಾಲ ಕುಂತಿತು.

ಟಕ್ ಅಂದದ್ದು ನನಗ ಕೇಳಿಸ್ತು.
ಕಟ್ಟಿಗಿ ಸ್ಲೀಪರ್ ಇದ್ದ ಕಾಲದಾಗ ಹಂಗ ಸಪ್ಪಳಾಗ್ತಿತ್ತು.

ಹುಬ್ಬಳ್ಳಿ ದೊಡ್ಡಾಸ್ಪತ್ರಿ. ಕ್ಯಾಜುವಾಲ್ಟಿ.
ಚಾದರ ತುಸು ಜಗ್ಗಿದ್ರೂ ಸಾಕು,
ನಮ್ಮವ್ವನ್ನ, ಅಕೀ ಅವ್ವನ್ನ,
ಒಬ್ಬೊಬ್ರನ್ನೂ ಕರದು ಮುಗಿಸಿದ್ದೆ.
ಆಗ ಬಂದ್ರು ಸವಣೂರ ಡಾಕ್ಟರು.
ಸಣ್ಣ ಮೈ, ಕಣ್ಣಾಗ ಎರಡು ದಿನದ ನಿದ್ದಿ.
"ಯಮನೂರಪ್ಪ, ಪೂರ್ತಿ ಮಲಗಿಸೂದಿಲ್ಲ ನಿಮ್ಮನ್ನ.
ಆಪರೇಷನ್ ನಾಳೆ. ಇವತ್ತು ಈ ತೊಡೀಗಷ್ಟ ಬ್ಲಾಕ್ ಕೊಡತೀನಿ."

ಆ ನೋವಿನ್ಯಾಗೂ ಕಿವಿ ನೆಟ್ಟಗಾದ್ವು.
"ಎಷ್ಟು ತಾಸಿಂದರಿ ಬ್ಲಾಕು?"
"ಹನ್ನೆರಡು, ಹದಿನಾಲ್ಕು."
ಅಷ್ಟು ಉದ್ದದ್ದು
ಇಪ್ಪತ್ತಾರು ವರ್ಷದ ನೌಕರಿಯಾಗ ಯಾರೂ ಕೊಟ್ಟಿಲ್ಲ.
"ಹಂಗಾದ್ರ ಪ್ರೈವೇಟ್ ನಂಬರ್ ಕೊಡ್ರಿ" ಅಂದೆ.
ಸಿಸ್ಟರು ಬಾಯಿಗೆ ಕೈ ಹಿಡದು ನಕ್ರು.
ಡಾಕ್ಟರು ನಗಲಿಲ್ಲ, ನನ್ನ ಮಾರಿ ನೋಡಿದ್ರು.
ಫೋನ್ ನಂಬರ್ ಅಲ್ಲರಿ ಅಕ್ಕಾರ,
ಈ ಸ್ಟೇಷನ್ ಮಾಸ್ತರ ಆ ಸ್ಟೇಷನ್ ಮಾಸ್ತರಗ ಕೊಡೂ ಎರಡಂಕಿ.
ಲೈನ್ ಮುಚ್ಚೇತಿ, ನಾ ಹೊಣಿ, ಅನ್ನೂ ಮಾತು ಅದು.
ಗ್ಲೌಸ್ ಏರಿಸಿಕೋತ ತುಸು ಯೋಚನಿ ಮಾಡಿ
"ನಲವತ್ತೇಳು" ಅಂದ್ರು.

ತೊಡೀಸಂದಿಗೆ ತಣ್ಣನ ಜೆಲ್ಲು.
ಸಣ್ಣ ಟೀವಿಯೊಳಗ ನನ್ನ ಒಳಗು:
ಬೂದಿ ಬಣ್ಣದ ಮಣ್ಣು, ಅದರಾಗೊಂದು ಕರೀ ಗುಂಡು
ಡುಬ್ ಡುಬ್ ಮಿಡೀತಿತ್ತು.
"ಅದು ರಕ್ತದ ಹಾದಿ, ಮುಟ್ಟೂದಿಲ್ಲ.
ಅದರ ಮಗ್ಗಲ, ನೋಡ್ರಿ, ಬೆಳ್ಳಗ. ಅದ ನರ."
ಸೂಜಿ ಓರಿಯಾಗಿ ಬಂತು, ಬಿಳೀ ಗೆರಿ.
ನರಾನ ಚುಚ್ಚಲಿಲ್ಲ. ಪಕ್ಕಕ್ಕ ನಿಂತು
ಸುತ್ತ ಔಷಧದ ನೀರು ಬಿಟ್ಟಿತು,
ಪಾತಿಗೆ ಬಿಟ್ಟಂಗ.

"ಕಿವ್ಯಾಗ ಗುಂಯ್ ಅಂತೈತೇನು? ನಾಲಿಗಿಗೆ ಕಬ್ಬಿಣದ ರುಚಿ?"
"ಕಬ್ಬಿಣದ ರುಚಿ ನೌಕರಿ ಸೇರಿದಾಗಿಂದ ಐತ್ರಿ."
ಸೂಜಿ ಗಕ್ಕನ ನಿಂತಿತು.
ಖರೇ ಹೇಳ್ರಿ, ಅಂದ್ರು. ಧ್ವನಿ ಬ್ಯಾರೆ ಆಗಿತ್ತು.
ಚ್ಯಾಷ್ಟಿ ಮಾಡಿದ್ನಿರಿ. ಇಲ್ಲ, ಏನಿಲ್ಲ.

ಇಪ್ಪತ್ತು ನಿಮಿಷ.
ಮೊದಲು ನೋವು ಸರೀತು,
ಗೂಡ್ಸಿನ ಕಡೀ ಡಬ್ಬಿ ತಿರುವಿನ್ಯಾಗ ಮರಿಯಾದಂಗ.
ಆಮ್ಯಾಲ ಸ್ಪಿರಿಟ್ ಹತ್ತಿಯ ತಂಪೂ ಹೋತು.
ಉಳದದ್ದು ಭಾರ.
ಕೈಲೆ ಮುಟ್ಟಿದೆ:
ಯಾರದೋ ಬೆಚ್ಚನ ಕಾಲು, ನನ್ನ ಮಗ್ಗಲ ಮಲಗಿತ್ತು.

ಅತ್ತದ್ದು ಆಗ.
ಚೀರೂಮುಂದ ಅಳಾಕ ಪುರಸೊತ್ತಿರಲಿಲ್ಲ.

ಗ್ಯಾಂಗಿನ ಮೌಲಾಸಾಬ ನೆನಪಾದ.
ಇದ ತೊಡಿ. ಹದಿನೆಂಟು ವರ್ಷದ ಹಿಂದ.
ಟ್ರಾಲಿ ಮ್ಯಾಲ ಹಾಕ್ಕೊಂಡು ನಾಲ್ಕು ಮಂದಿ ತಳ್ಳಿದ್ವಿ,
ಹಳಿಯ ಕೂಡಿಕಿ ಕೂಡಿಕೀಗೂ ಒಂದು ಚೀರು.
ಕುಸುಗಲ್ ತನಾ ಎಣಿಸಿದೆ, ಮುಂದ ಬಿಟ್ಟೆ.
ಆಸ್ಪತ್ರ್ಯಾಗೂ ಹಿಡದವರು ನಾವ, ಬಾಯಾಗ ಟವೆಲ್ ಇಟ್ಟು.
"ಅವಾಗೂ ಈ ಸೂಜಿ ಇತ್ತೇನರಿ?"
ಡಾಕ್ಟರು ನನ್ನ ಕಾಲು ನೋಡಿದ್ರು.
"ಸೂಜಿ ಇತ್ತು" ಅಂದ್ರು. ಅಷ್ಟ.

ಹೋಗೂಮುಂದ ಹೇಳಿದ್ರು:
ಬ್ಲಾಕ್ ಬಿಟ್ಟಮ್ಯಾಲ ಅಲ್ಲ, ಬಿಡೂಕಿಂತ ಮೊದಲ ಗುಳಿಗಿ ನುಂಗ್ರಿ,
ಇಲ್ಲಂದ್ರ ಎಲ್ಲಾ ಒಮ್ಮೆಲೆ ಬರತೈತಿ.
ಗೊತ್ತೈತ್ರಿ. ಕೆಲಸ ಮುಗದ ಹಳಿ ಮ್ಯಾಲ ಮೊದಲನೇ ಗಾಡಿ
ಇಪ್ಪತ್ತರ ಸ್ಪೀಡಿನ್ಯಾಗ ಬಿಡತೀವಿ ನಾವು.

ನಸುಕಿನ ಮೂರು.
ವಾರ್ಡಿನ್ಯಾಗ ಯಾರದೋ ಗೊರಕಿ. ಉಣಕಲ್ ಕಡೆ ಹಾರ್ನು.
ಗಾಡಿ ಕಾಣೂಕಿಂತ ಮೊದಲ, ಹಳಿಗೆ ಕಿವಿ ಇಟ್ರ,
ಒಂದು ಸಣ್ಣ ಝುಂ ಇರತೈತಿ.
ಮೊಣಕಾಲ ಮ್ಯಾಲ ಅದು ಸುರು ಆತು.
ಗುಳಿಗಿ ನುಂಗಿದೆ.
ಕತ್ತಲಿಗೆ ಹೇಳಿದೆ, ಯಾರು ಕೇಳಿದ್ರೋ ಇಲ್ಲೋ:
ನಲವತ್ತೇಳು.